ಮೀನು ಸುತ್ತದ ಕಾಗದ

ಹಾಂಗ್‌ಕಾಂಗಿನ ಷಾವ್ ಕೇ ವಾನ್ ಸಂತೆಬೀದಿಯಲ್ಲಿ ಮಾಕ್ ಯುಕ್-ಹಾ ಒಣಮೀನು ಮಾರುತ್ತಿದ್ದಳು. ಪಕ್ಕದ್ದೇ ನನ್ನ ತೋಫು ಅಂಗಡಿ. ಇಪ್ಪತ್ತು ವರ್ಷ ಅವಳ ಬೈಗುಳ ಕೇಳಿಯೇ ನನಗೆ ಬೆಳಗಾಗುತ್ತಿತ್ತು. ಅಂಥ ಬಾಯಿಯವಳಿಗೂ ಒಂದು ನೇಮ: ಅಕ್ಷರವಿದ್ದ ಕಾಗದದಲ್ಲಿ ಮೀನು ಸುತ್ತುವುದಿಲ್ಲ. ಬೀದಿಯಲ್ಲಿ ಬಿದ್ದ ಪತ್ರಿಕೆಯ ಚೂರನ್ನೂ ಆಯ್ದು ತಂದು, ಕೈಮುಗಿದು ಸುಡುತ್ತಿದ್ದಳು. ಅಕ್ಷರ ತುಳಿದರೆ ಕಣ್ಣು ಹೋಗುತ್ತದೆಂದು ಅವಳ ಅಪ್ಪ, ಹಳ್ಳಿಯ ಮೇಷ್ಟ್ರು, ಕಲಿಸಿದ್ದ.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಬ್ರಿಟಿಷ್ ಸರ್ಕಾರದಿಂದ ಇಂಗ್ಲಿಷ್ ಕಾಗದ ಬಂತು. ಅವಳ ಕಣ್ಣಿಗೆ ಅದರಲ್ಲಿ ಅಕ್ಷರವೇ ಇರಲಿಲ್ಲ. ಎರಡು ಉಪ್ಪುಮೀನು ಸುತ್ತಿ ಯಾರಿಗೋ ಕೊಟ್ಟುಬಿಟ್ಟಳು. ತಿಂಗಳಲ್ಲಿ ಆಳುಗಳು ಬಂದು ಗುಡ್ಡದ ಮೇಲಿನ ಅವಳ ತಗಡಿನ ಮನೆ ಕೆಡವಿದರು. ಬದಲಿ ಮನೆಗೆ ಹೆಸರು ಬರೆಸುವ ದಿನ ಆ ಕಾಗದದಲ್ಲೇ ಇತ್ತಂತೆ.

"ಓದಿಸ್ಕೋಬೇಕಿತ್ತಮ್ಮ," ಎಂದ ಕಚೇರಿಯ ಗುಮಾಸ್ತ. ಅವನೂ ನಮ್ಮ ಚೀನೀಯವನೇ.

"ಮೀನು ಚೌಕಾಸಿ ಮಾಡೋವಾಗ ನಮ್ ಮಾತು ಸರಾಗ ಬರುತ್ತೆ ನಿಂಗೆ. ಕುರ್ಚಿ ಮೇಲೆ ಕೂತ್ರೆ ನಾಲಿಗೆ ಬಿದ್ದೋಗುತ್ತಾ?" ಎಂದಳು ಯುಕ್-ಹಾ.

ಅಂದಿನಿಂದ ಅವಳು ಅಂಗಡಿಯ ಹಿಂಭಾಗದಲ್ಲೇ ಮಲಗಿದಳು. ಮರುವರ್ಷ ಚೀನೀ ಭಾಷೆಯೂ ಸರ್ಕಾರಿ ಭಾಷೆಯಾಗಲಿ ಎಂದು ವಿದ್ಯಾರ್ಥಿಗಳು ಸಹಿ ಕೇಳುತ್ತ ಬಂದಾಗ, ಹಾಳೆಯನ್ನು ಕಿತ್ತುಕೊಂಡು ತಕ್ಕಡಿಯ ಪಕ್ಕ ಇಟ್ಟಳು. ಸಹಿ ಹಾಕದವರಿಗೆ ಮೀನಿಲ್ಲ!

"ಅಕ್ಕಾ, ನಿನ್ ಮೀನಿನ ವಾಸ್ನೆಗೆ ಸರ್ಕಾರ ಹೆದರುತ್ತಾ?" ಎಂದು ರೇಗಿಸಿದೆ.

"ಮೂಗು ಮುಚ್ಕೊಂಡಾದ್ರೂ ಓದ್ಲಿ. ನೀನು ಮೊದ್ಲು ಸಹಿ ಹಾಕು."

ಎಪ್ಪತ್ನಾಲ್ಕರಲ್ಲಿ ಕಾನೂನಾಯಿತು. ಅಂದು ಅವಳು ಬೀದಿಗೆಲ್ಲ ಹುರಿದ ಮೀನು ಹಂಚಿದಳು. ಕೆಲವು ತಿಂಗಳ ಮೇಲೆ ಚೀನೀ ಅಕ್ಷರದ ಮೊದಲ ಸರ್ಕಾರಿ ಕಾಗದ ಬಂತು. ಕೈ ತೊಳೆದು, ಕನ್ನಡಕ ಏರಿಸಿ, ಬೀದಿಗೇ ಕೇಳುವಂತೆ ಓದಿದಳು. ನಮ್ಮ ಸಾಲಿನ ಅಂಗಡಿಗಳನ್ನು ತೆಗೆಸುತ್ತಾರೆ. ತಕರಾರಿದ್ದವರು ಹತ್ತನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರಬೇಕು.

ನನಗೆ ಸಿಟ್ಟು ಬಂತು. "ಇದಕ್ಕಾ ಅಷ್ಟೆಲ್ಲ ಬಡ್ಕೊಂಡಿದ್ದು? ಈಗ ನಮ್ ಭಾಷೇಲೇ ಹೊರಗೆ ಹಾಕ್ತಾರೆ!"

ಅವಳು ಕಾಗದವನ್ನು ಸುಡಲಿಲ್ಲ. ಮಡಚಿ ಅಂಗಿಯೊಳಗೆ ಇಟ್ಟುಕೊಂಡಳು.

"ಹಾಕ್ಲಿ ನೋಡೋಣ. ಮನೆ ಹೋದಾಗ ನಂಗೆ ಜಗಳ ಆಡೋಕೂ ಬಿಡ್ಲಿಲ್ಲ ಕಣೋ."

ಹತ್ತನೇ ತಾರೀಕು ಎಂಟಕ್ಕೇ ಇಡೀ ಸಾಲಿನವರನ್ನು ಎಳೆದುಕೊಂಡು ಕಚೇರಿಯ ಮುಂದೆ ನಿಂತಳು. ಕಾವಲಿನವನು ಗದರಿದ: "ಹತ್ತು ಗಂಟೆಗೆ ಕಣಮ್ಮ!"

"ಗೊತ್ತು," ಎಂದಳು ಯುಕ್-ಹಾ. "ಓದಿದೀನಿ."