ಚಿನ್ಮಯಿ ತೋರಿಸಿದ ಆಟ

ಚಿನ್ಮಯೀ, ನಿನ್ನ ಆಟದ ಗುಟ್ಟು ಹೊರಗೆ ಹಾಕಿದವಳು ನಾನೇ. ನೀನು ಬಾಯಿಬಡುಕಿಯಲ್ಲ, ಸುಳ್ಳಿಯೂ ಅಲ್ಲ. ನಿನ್ನ ಅಪ್ಪ ಇವತ್ತಿಗೂ ಹಾಗೆ ಅಂದುಕೊಂಡಿದ್ದರೆ ಅದು ನನ್ನಿಂದ.

ಕೊಪ್ಪದಲ್ಲಿ ಮಕ್ಕಳ ಚೆಸ್ ಚಾಂಪಿಯನ್‌ಶಿಪ್ ನಡೆದ ವರ್ಷ ಹೊರಗಿನವರನ್ನು ಊರಿನ ಮನೆಗಳಲ್ಲೇ ಇಳಿಸಿದ್ದರು. ನರಸಿಂಹರಾಜಪುರದಿಂದ ಬಂದ ನೀನು, ನಿನ್ನ ಅಪ್ಪ ನಮ್ಮ ಪಾಲಿಗೆ. ಕೊನೆಯ ಆಟಕ್ಕೆ ಉಳಿದವರು ನೀನು ಮತ್ತು ನನ್ನ ಮೊಮ್ಮಗಳು ವರ್ಷಾ — ಹಣೆಬರಹ ನೋಡು.

ಅವತ್ತು ಬೆಳಿಗ್ಗೆ ನೀನು ಜಗಲಿಯಲ್ಲಿ ಬೋರ್ಡ್ ಹರಡಿ ಕೂತಿದ್ದೆ. "ಸೋತರೆ ಅಪ್ಪ ಆಟ ಬಿಡಿಸ್ತಾರೆ ಅಜ್ಜಿ" ಅಂದೆ. ನಾನು ದೋಸೆ ತಂದಿಟ್ಟು ಕೇಳಿದೆ — "ಮೊದಲು ಎಂತ ಆಡ್ತಿ ಕೂಸೇ?" ಬರೀ ಮಾತಿಗೆ ಕೇಳಿದ್ದು ಅಂತ ಬರೆಯಬಹುದಿತ್ತು. ಬೇಕಂತಲೇ ಕೇಳಿದೆ.

ನೀನು ತೋರಿಸಿದೆ. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ. ಆಮೇಲೆ ಅದರ ಪಕ್ಕದ್ದನ್ನು ಎದುರಿನವಳ ಬಾಯಿಗೆ ಕೊಡೋದು. "ತಿಂದಳೋ, ಸಿಕ್ಕಿಬಿದ್ದಳು! ಅರ್ಥ ಆಯ್ತಾ ಅಜ್ಜಿ?"

"ಇಲ್ಲ ಮಾರಾಯ್ತಿ."

ಆಗಿರಲಿಲ್ಲ, ನಿಜ. ಆದರೆ ಚಿಕ್ಕಂದಿನಿಂದ ರಂಗೋಲಿ ಎಳೆದ ಕೈ ನಂದು. ಯಾವ ಚುಕ್ಕಿ ಎಲ್ಲಿ ಅಂತ ಒಮ್ಮೆ ನೋಡಿದರೆ ಸಾಕು. ಹಿತ್ತಿಲ ಬಾಗಿಲಲ್ಲಿ ಬೋರ್ಡಿನ ಮನೆಗೊಂದು ಚುಕ್ಕಿ ಇಟ್ಟು, ನಿನ್ನ ಕಾಲಾಳುಗಳು ಹೋದ ದಾರಿ ವರ್ಷಾಗೆ ತೋರಿಸಿದೆ.

"ಬೇಡ ಅಜ್ಜಿ, ಅದು ಮೋಸ" — ಕಣ್ಣು ಮುಚ್ಚಿಕೊಂಡಳು. ಆ ಕೈ ಹಿಡಿದೆಳೆದು ಬಿಡಿಸಿದವಳೂ ನಾನೇ. ನೋಡಿದ ಮೇಲೆ ನೋಡದ ಹಾಗೆ ಇರೋದು ಹೇಗೆ? ಮೊಬೈಲಿನಲ್ಲಿ ಅದಕ್ಕೆ ಉತ್ತರ ಹುಡುಕಿದಳು.

ಮಧ್ಯಾಹ್ನ ನೀನು ಆ ಕಾಲಾಳನ್ನು ಬಾಯಿಗೆ ಕೊಟ್ಟೆ. ವರ್ಷಾ ತಿನ್ನಲಿಲ್ಲ. ತಲೆ ಎತ್ತದೆ ನಡುವಿಂದ ತನ್ನದೊಂದನ್ನು ತಳ್ಳಿದಳು. ನಿನ್ನ ಕೈ ಗಾಳಿಯಲ್ಲೇ ನಿಂತಿತು... ಗಡಿಯಾರ ಓಡ್ತಾ ಇತ್ತು. ನಂಗೆ ಹೆದರಿಕೆ — ನೀನೆಲ್ಲಿ ಸೋಲ್ತೀಯೋ ಅಂತಲ್ಲ, ಎಲ್ಲಿ ಗೆದ್ದುಬಿಡ್ತೀಯೋ ಅಂತ.

ನೀನು ಸೋತೆ. ಹೊರಗೆ ನಿನ್ನ ಅಪ್ಪ, "ಅವಳಿಗೆ ಮೊದಲೇ ಗೊತ್ತಿತ್ತು. ಯಾರ ಹತ್ರ ಒದರಿದ್ದೆ?"

"ಈ ಅಜ್ಜಿಗೆ ಮಾತ್ರ ತೋರಿಸಿದ್ದು ಅಪ್ಪ."

ಎಲ್ಲ ನನ್ನ ಕಡೆ ನೋಡಿದರು.

"ಈ ಕೂಸು ನಂಗೆಂತ ತೋರಿಸ್ತದೆ ಮಾರಾಯ್ರೆ? ಕುದುರೆ ಯಾವುದು ಕತ್ತೆ ಯಾವುದು ಅಂತಲೇ ಗೊತ್ತಿಲ್ಲ ನಂಗೆ!"

ಜನ ನಕ್ಕರು. ಸುಳ್ಳು ಬೇರೆ ಹೇಳ್ತೀಯಾ ಅಂತ ಅಪ್ಪ ನಿನ್ನ ಬೋರ್ಡ್ ಕಿತ್ತುಕೊಂಡರು. ನೀನು ಅಳಲಿಲ್ಲ. ನನ್ನನ್ನೇ ನೋಡ್ತಾ ಇದ್ದೆ —

ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಉಣಿಸಿದವಳೇ ಬಗೆದರೆ ಅದಕ್ಕೆ ಗಾದೆ ಇಲ್ಲ.

ನೀನು ಮತ್ತೆ ಆಡಲಿಲ್ಲವಂತೆ. ವರ್ಷಾ ಆಡ್ತಾಳೆ, ನನ್ನ ಎದುರು ಬೋರ್ಡ್ ಬಿಚ್ಚೋದಿಲ್ಲ.

ನಾಳೆ ಮೊದಲ ಬಸ್ಸಿಗೆ ನಿಮ್ಮೂರಿಗೆ ಬರ್ತೇನೆ. ನೀನು ಬಾಗಿಲು ತೆಗೀಬೇಕು ಅಂತಿಲ್ಲ. ನಿನ್ನ ಅಪ್ಪನನ್ನು ಅಂಗಳಕ್ಕೆ ಕರೆದು, ಅಕ್ಕಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ ಇದನ್ನೆಲ್ಲ ಹೇಳಿ ಹೋಗ್ತೇನೆ.