ಮೇಲ್ಸೇತುವೆಯ ಏರಿನಲ್ಲಿ ಪುಷ್ಪಕ್ಕನ ಕಾರು

“ಅಮ್ಮ, ಪುಷ್ಪಾ ಆಂಟಿ ನಮ್ಮ ವ್ಯಾಕ್ಯೂಮ್ ಕ್ಲೀನರ್‌ನ ಕಾರಿನ ಪೈಪಿಗೆ ಯಾಕೆ ಹಾಕಿದಾರೆ? ಅದರೊಳಗೂ ಕಸ ಇರತ್ತಾ?”

ಶ್ರೀಗೌರಿ ಇದನ್ನು ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. ಕಸವಲ್ಲ ಪುಟ್ಟಿ, ಗಾಳಿ ಎಷ್ಟು ಸಲೀಸಾಗಿ ಹೋಗುತ್ತದೆಂದು ನೋಡುತ್ತಿದ್ದಾರೆ ಎಂದೆ. “ಗಾಳಿ ನೋಡಿ ಏನ್ಮಾಡ್ತಾರೆ?” ಎಂದಳು. ಅದಕ್ಕೆ ಉತ್ತರ ಹೇಳಬೇಕಾದರೆ ತೀರಿಹೋದ ಸತೀಶಣ್ಣನಿಂದ ಶುರುಮಾಡಬೇಕಿತ್ತು. ಯುಕೆಜಿ ಮಗುವಿಗೆ ಅಷ್ಟೆಲ್ಲ ಹೇಳಲಾಗದೆ ರಿಬ್ಬನ್ ಕಟ್ಟಿ ಕಳಿಸಿದೆ.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಹಿಂದಿನ ಬೀದಿಯೇ ಪುಷ್ಪಕ್ಕನದು. ಅವರ ಹಳೆಯ ಬಿಳಿ ಮಾರುತಿಯ ಬಾಗಿಲ ಮೇಲೆ ‘ಮಹಿಳೆಯರಿಗೆ ಮಹಿಳೆಯಿಂದ ಕಾರು ತರಬೇತಿ’ ಎಂದು ಬರೆದಿದೆ. ಗಂಡ ಸತೀಶಣ್ಣ ಎರಕದ ಕೆಲಸದವರು. ಮರಳಿನಲ್ಲಿ ಅಚ್ಚು ಕಟ್ಟಿ ಲೋಹ ಹೊಯ್ಯುವುದು ಹೊಟ್ಟೆಪಾಡಾದರೆ, ರಜೆಯ ದಿನ ಮಣ್ಣಿನ ಟ್ರ್ಯಾಕಿನಲ್ಲಿ ಈ ಮಾರುತಿಯನ್ನು ಓಡಿಸುವುದು ಅವರ ಹುಚ್ಚು. ರೇಸಿಗೆಂದೇ ಅವರು ಒಂದು ಮ್ಯಾನಿಫೋಲ್ಡ್ ಮಾಡಿದ್ದರು. ಹೊರಗಿನ ಗಾಳಿಯನ್ನು ಇಂಜಿನ್ನಿನ ಮೂರು ಸಿಲಿಂಡರಿಗೆ ಹಂಚುವ ಮೂರು ಕವಲಿನ ಕೊಳವೆ ಅದು. ಕಂಪನಿಯದಕ್ಕಿಂತ ಅಗಲ, ಒಳಗೆ ಕನ್ನಡಿಯಂತೆ ನಯ. ಸ್ಪ್ಯಾನರ್ ಎತ್ತಿಕೊಡುತ್ತಾ ನಿಂತಿದ್ದ ಪುಷ್ಪಕ್ಕ ಆ ಇಂಜಿನ್ ಬಿಚ್ಚುವುದನ್ನೂ ಕೂಡಿಸುವುದನ್ನೂ ಕಲಿತುಬಿಟ್ಟಿದ್ದರು.

ಒಂದು ಬೆಳಿಗ್ಗೆ ಎದೆನೋವೆಂದು ಕೂತ ಸತೀಶಣ್ಣ ಮತ್ತೆ ಏಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಪುಷ್ಪಕ್ಕ ಅದೇ ಕಾರಿಗೆ ಎರಡನೆಯ ಬ್ರೇಕು, ಕ್ಲಚ್ಚು ಹಾಕಿಸಿ ಪಾಠ ಶುರುಮಾಡಿದರು. ಗಂಡನ ಮ್ಯಾನಿಫೋಲ್ಡ್ ಮಾತ್ರ ಹಾಗೆಯೇ ಉಳಿಯಿತು. ಅದು ಅವರ ಕೈಯಿಂದ ಬಂದ ಕೊನೆಯ ಎರಕ.

ಭದ್ರಾವತಿಯಲ್ಲಿ ಕಲಿತವರು ಶಿವಮೊಗ್ಗದ ಟ್ರಾಫಿಕ್ಕಿಗೆ ಹೆದರಬಾರದೆಂದು ವಾರಕ್ಕೊಮ್ಮೆ, ಕಲಿಯಲು ಸೇರಿದ್ದ ನಮ್ಮನ್ನು ಸವಳಂಗ ರಸ್ತೆಗೆ ಕರೆದೊಯ್ಯುತ್ತಿದ್ದರು. ಅಲ್ಲಿಯ ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ನಿಂತು ಮತ್ತೆ ಹೊರಡುವಾಗ ಅವರ ಕಾರು ಕೊಸಕ್ಕೆಂದು ಆಫ್ ಆಗುತ್ತಿತ್ತು.

“ಕ್ಲಚ್ ಹಾಗೆ ಬಿಡ್ತಾರಾ ಮಾರಾಯ್ತಿ? ಕಾಲ ಮೇಲೆ ಸೊಳ್ಳೆ ಕೂತಿಲ್ಲ, ಹಂಗೆ ಕೊಡವಕ್ಕೆ,” ಎನ್ನುತ್ತಿದ್ದರು. ಬೈದರೂ ನಗುವಂತೆ ಬೈಯುವುದು ಅವರ ರೀತಿ.

ಹೈಸ್ಕೂಲಿನ ಪ್ರಿಯಂವದಾ ಟೀಚರಿಗೆ ಮಾತ್ರ ನಗು ಬರಲಿಲ್ಲ. ಅದೇ ಏರಿನಲ್ಲಿ ಕಾರು ಆಫ್ ಆಗಿ, ಪುಷ್ಪಕ್ಕ ಬ್ರೇಕ್ ಒತ್ತುವಷ್ಟರಲ್ಲಿ ಹಿಂದಕ್ಕೆ ಜಾರಿ, ಆಟೋ ಒಂದಕ್ಕೆ ತಾಗಿತು. “ಟೀಚರಮ್ಮ, ಮುಂದಕ್ಕೆ ಹೋಗೋ ಪಾಠ ಇನ್ನೂ ಆಗಿಲ್ವಾ?” ಎಂದ ಆಟೋದವನು. ಪುಷ್ಪಕ್ಕನಿಗೂ ತಾಳ್ಮೆ ತಪ್ಪಿ, “ನಿಮ್ಮ ಕಾಲಿಗೆ ಕಾರು ಒಗ್ಗಲ್ಲ, ಬಿಡಿ ಟೀಚರ್” ಎಂದುಬಿಟ್ಟರು. ಟೀಚರ್ ಮರುದಿನದಿಂದ ಬರಲಿಲ್ಲ.

ಅದಾದ ಮೇಲೆ ನನ್ನ ಸರದಿ. ಕಾರು ಮತ್ತೆ ಆಫ್, ಹಿಂದೆ ಹಾರನ್ನುಗಳು. ಬದಿಗೆ ನಿಲ್ಲಿಸಿದ ಮೇಲೆ ಕೇಳಿದೆ: “ಪುಷ್ಪಕ್ಕ, ಮೊನ್ನೆ ನಮ್ಮನೆಯವರು ಪಕ್ಕದಲ್ಲಿ ಕೂತು ನನ್ನ ಕೈಲಿ ನಮ್ಮ ಕಾರಲ್ಲಿ ಇದೇ ಏರು ಹತ್ತಿಸಿದ್ರು. ಒಂದು ಸಲಾನೂ ಆಫ್ ಆಗ್ಲಿಲ್ಲ. ನಿಮ್ಮ ಕಾರಲ್ಲಿ ಮಾತ್ರ ನನ್ನ ಕಾಲು ಯಾಕೆ ಕೆಡುತ್ತೆ?”

ಜನ್ನಾಪುರದವರೆಗೂ ಕಾರನ್ನು ಅವರೇ ಓಡಿಸಿದರು. ಇಳಿಯುವಾಗ, “ವೇದಾ, ನಿಮ್ಮನೆ ವ್ಯಾಕ್ಯೂಮ್ ಕ್ಲೀನರ್ ಎರಡು ದಿನ ಕೊಡ್ತೀಯಾ?” ಎಂದರು.

ಅಟ್ಟದಲ್ಲಿ ಗೋಣಿಚೀಲದೊಳಗಿದ್ದ ಕಂಪನಿಯ ಮ್ಯಾನಿಫೋಲ್ಡ್ ಕೆಳಗಿಳಿಯಿತು. ಕಾರಿನದನ್ನೂ ಬಿಚ್ಚಿ ಎರಡನ್ನೂ ಜಗುಲಿಯ ಮೇಲೆ ಅಕ್ಕಪಕ್ಕ ಇಟ್ಟರು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಹಲಗೆಗೆ ಬಾಗಿಸಿ ಕಟ್ಟಿ, ಕುಂಕುಮ ಕಲಸಿದ ನೀರು ತುಂಬಿದರು. ಪೈಪಿನ ಒಂದು ತುದಿ ವ್ಯಾಕ್ಯೂಮ್ ಕ್ಲೀನರಿನ ಕುತ್ತಿಗೆಗೆ. ಕ್ಲೀನರ್ ಮ್ಯಾನಿಫೋಲ್ಡಿನ ಮೂಲಕ ಗಾಳಿ ಎಳೆಯುವಾಗ ದಾರಿ ಬಿಗಿಯಾಗಿದ್ದರೆ ನೀರು ಮೇಲೇರುತ್ತದೆ, ಸಲೀಸಾಗಿದ್ದರೆ ತಗ್ಗಿನಲ್ಲೇ ಇರುತ್ತದೆ. ಇದೂ ಸತೀಶಣ್ಣನ ಉಪಾಯವೇ.

ಮೂರು ಕವಲುಗಳನ್ನೂ ಒಂದೊಂದಾಗಿ ನೋಡಿದರು. ಕಂಪನಿಯದರಲ್ಲಿ ಕೆಂಪು ನೀರು ಸರ್ರನೆ ಏರಿತು. ಸತೀಶಣ್ಣನದರಲ್ಲಿ ಮೂರಕ್ಕೂ ತಗ್ಗಿನಲ್ಲೇ ನಿಂತಿತು.

“ನೋಡಿದ್ಯಾ? ಇವರದ್ದೇ ಗೆದ್ದಿದ್ದು,” ಎಂದರು ಪುಷ್ಪಕ್ಕ. ಸೆರಗಿನಿಂದ ಆ ಅಲ್ಯೂಮಿನಿಯಮ್ಮನ್ನು ಒರೆಸಿದರು. ಅಡಿಯಲ್ಲಿ, ಮರಳಿನ ಅಚ್ಚಿಗೆ ಸತೀಶಣ್ಣನ ಹೆಬ್ಬೆರಳು ತಾಗಿದ ಕಡೆ, ಲೋಹ ಚೂರು ಉಬ್ಬಿಕೊಂಡಿತ್ತು. ಪುಷ್ಪಕ್ಕನ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನಾನು ಇನ್ನು ಈ ವಿಷಯ ಎತ್ತಬಾರದು ಅಂದುಕೊಂಡೆ.

ಅವರೇ ಎತ್ತಿದರು. “ಗಾಳಿ ಹೋದ್ರೆ ಆಯ್ತಾ? ಕಾರು ಹೋಗ್ಬೇಕಲ್ಲ. ನಾಳೆ ಕಂಪನಿಯದ್ದು ಹಾಕ್ತೀನಿ. ನೀನೇ ಓಡಿಸು.”

“ನೀವೇ ಓಡಿಸಿ ನೋಡಿ ಅಕ್ಕ. ನನಗೇನು ಗೊತ್ತಾಗುತ್ತೆ?”

“ನನ್ನ ಕಾಲು ಸುಳ್ಳು ಹೇಳುತ್ತೆ. ಇವರ ಇಂಜಿನ್ ಏನು ಕೇಳುತ್ತೋ ಅದನ್ನ ಕೇಳೋಕ್ಕಿಂತ ಮೊದಲೇ ಕೊಟ್ಟುಬಿಡುತ್ತೆ. ನಿನ್ನ ಕಾಲಿಗೆ ಇವರ ಪರಿಚಯ ಇಲ್ಲ.”

ಮರುದಿನ ಹೆದ್ದಾರಿಯಲ್ಲಿ ಶಿವಮೊಗ್ಗದ ಕಡೆ ಹೋಗುವಾಗ ಅವರ ಮುಖ ಅರಳಿತ್ತು. ಎಷ್ಟು ತುಳಿದರೂ ಕಾರು ಮಂಕಾಗಿತ್ತು. “ಇವರದ್ದಿದ್ದಿದ್ರೆ ಈ ಲಾರಿ ಇಷ್ಟೊತ್ತಿಗೆ ಹಿಂದೆ ಇರ್ತಿತ್ತು,” ಎಂದರು. ನಾನು ಹೌದೆಂದೆ. ಅದು ನಿಜವೂ ಆಗಿತ್ತು.

ಮೇಲ್ಸೇತುವೆಯ ನಡು ಏರಿನಲ್ಲಿ ಮುಂದಿನ ಬಸ್ಸು ನಿಂತಿತು. ನಾನೂ ನಿಲ್ಲಿಸಿದೆ. ಬಸ್ಸು ಹೊರಟಾಗ ಎಂದಿನಂತೆಯೇ, ಎಂದಿನಷ್ಟೇ ಅವಸರದಿಂದ ಕ್ಲಚ್ ಬಿಟ್ಟೆ. ಕಾರು ಒಮ್ಮೆ ನಡುಗಿ, ಏರು ಹತ್ತಿತು. ಪುಷ್ಪಕ್ಕ ತಿರುಗಿಸಲು ಹೇಳಿದರು. ಮತ್ತೆ ಅದೇ ಏರು, ಮತ್ತೆ ನಿಲ್ಲಿಸು. ಆಮೇಲೆ ಇನ್ನೊಮ್ಮೆ. ಒಂದು ಸಲವೂ ಆಫ್ ಆಗಲಿಲ್ಲ. ಅವರ ಪಾದ ತಮ್ಮ ಕಡೆಯ ಕ್ಲಚ್ಚನ್ನು ಮುಟ್ಟಲೂ ಇಲ್ಲ.

ಬದಿಯ ಎಳನೀರಿನವನ ಹತ್ತಿರ ನಿಲ್ಲಿಸಿದೆವು. ಅವರು ಕುಡಿಯದೆ ಬುರುಡೆ ಹಿಡಿದೇ ನಿಂತಿದ್ದರು.

“ಊದುಗೊಳವೆ ಅಗಲ ಇದ್ರೆ ಒಲೆ ಉರಿಯುತ್ತಾ?” ಎಂದರು. “ಜೋರಾಗಿ ಓಡುವಾಗ ಇಂಜಿನ್‌ಗೆ ಗಾಳಿ ಬೇಕು, ಆಗ ಅಗಲ ಒಳ್ಳೇದು. ನಿಧಾನಕ್ಕೆ ಹೊರಡುವಾಗ ಅದರಲ್ಲಿ ಗಾಳಿಗೆ ವೇಗಾನೇ ಇರಲ್ಲ, ಪೆಟ್ರೋಲ್ ಸರಿಯಾಗಿ ಬೆರೆಯಲ್ಲ. ಇವರು ರೇಸಿಗೆ ಮಾಡಿದ್ದು. ಅದರಲ್ಲಿ ತಪ್ಪಿಲ್ಲ. ಅದನ್ನ ನಿಮ್ಮೆಲ್ಲರ ಕಾಲಿಗೆ ಕಟ್ಟಿದ್ದು ನಾನು.”

ವಾಪಸು ಬರುವಾಗ ಕಾರನ್ನು ಪ್ರಿಯಂವದಾ ಟೀಚರ ಗೇಟಿನ ಮುಂದೆ ನಿಲ್ಲಿಸಲು ಹೇಳಿದರು. ಟೀಚರ್ ಕನ್ನಡಕ ಹಣೆಗೇರಿಸಿಕೊಂಡು ಹೊರಬಂದರು.

“ತಪ್ಪು ನಿಮ್ಮ ಕಾಲಿಂದಲ್ಲ ಟೀಚರ್. ನನ್ನ ಕಾರಿಂದು. ಸರಿಮಾಡಿದೀನಿ. ಬನ್ನಿ, ನಾನೇ ಕಲಿಸ್ತೀನಿ.”

ಟೀಚರ್ ಅವರನ್ನೇ ನೋಡಿದರು. “ಈಗ ಬಂದ್ಯಾ ಪುಷ್ಪಾ? ನಂಗೆ ಈ ಜನ್ಮದಲ್ಲಿ ಬರಲ್ಲ ಅಂತ ಹಟ ಮಾಡಿ, ಮನೆಯವರ ಕೈಲಿ ಕಾರೇ ಮಾರಿಸಿಬಿಟ್ಟೆ.” ಒಣ ನಗೆ ನಕ್ಕರು. “ಕಾಫಿ ಕುಡಿದು ಹೋಗಿ.”

ಕಾಫಿ ಕುಡಿದೆವು. ಹೊರಡುವಾಗ ಟೀಚರ್ ಗೇಟಿನವರೆಗೂ ಬಂದು ಕಾರಿನ ಬಾಗಿಲಿನ ಬರಹವನ್ನು ಓದಿದರು. ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಸಂಜೆ ಪುಷ್ಪಕ್ಕ ವ್ಯಾಕ್ಯೂಮ್ ಕ್ಲೀನರ್ ವಾಪಸು ತಂದರು. ಒರೆಸಿ ಹೊಸದರಂತೆ ಮಾಡಿದ್ದರು. ಇನ್ನೊಂದು ಕಂಕುಳಲ್ಲಿ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದ ಗಂಟು. ಶ್ರೀಗೌರಿ ಓಡಿಹೋಗಿ ಮುಟ್ಟಿ, “ಪಾಪುನಾ?” ಎಂದಳು. ಪುಷ್ಪಕ್ಕ ಅವಳ ತಲೆ ಸವರಿ ಗಂಟನ್ನು ನನ್ನ ಕೈಗೆ ಕೊಟ್ಟರು. ನೋಡಲು ದೊಡ್ಡದಾದರೂ ಹಗುರವಾಗಿತ್ತು.

“ಒಂದು ಉಪಕಾರ ಮಾಡು ವೇದಾ. ಇದನ್ನ ನಿಮ್ಮ ಅಟ್ಟದ ಮೇಲಿಡು. ನಮ್ಮನೇಲಿದ್ರೆ ಯಾವತ್ತಾದ್ರೂ ಬೇಜಾರಾದಾಗ ಮತ್ತೆ ಕಾರಿಗೆ ಹಾಕಿಬಿಡ್ತೀನಿ. ನಾನೇ ಬಂದು ಕೇಳಿದ್ರೂ, ಅತ್ತು ಕೇಳಿದ್ರೂ, ಕೊಡಬೇಡ.”