ಪ್ಯಾನೆಲ್ಲಿಗೆ ಹಚ್ಚಿದ ವಿಭೂತಿ

ಕಳೆದ ವಾರ ನಾನೊಂದು ತಪ್ಪು ಮಾಡಿದೆ. ಅದನ್ನೂ ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ, ಐದು ದಿನ ಬಿಡದೆ ಮಾಡಿದೆ.

ಚಿಂಚೋಳಿ ಹತ್ತಿರ ನನ್ನ ತಂಗಿ ಗುರಮ್ಮನ ಹೊಲಕ್ಕೆ ಸೋಲಾರ್ ಪಂಪ್ ಬಂದಿದೆ. ಚಿತ್ತಾಪುರದಿಂದ ನೋಡಲು ಹೋದವನು ಅಲ್ಲೇ ಉಳಿದೆ. ಊರು ಬದಲಾದರೂ ನನ್ನ ದಿನಚರಿ ಬದಲಾಗದು. ಐದಕ್ಕೆ ಸ್ನಾನ, ಐದೂವರೆಗೆ ಲಿಂಗಪೂಜೆ, ಆರಕ್ಕೆ ಹೊಲ. ಹೊಸ ಯಂತ್ರಕ್ಕೆ ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. (ಫ್ರಿಜ್ಜಿಗೂ ಹಚ್ಚಿದ್ದೇನೆ.) ಎಂಟು ಪ್ಯಾನೆಲ್. ಒಂದೊಂದಕ್ಕೂ ಈ ತುದಿಯಿಂದ ಆ ತುದಿಗೆ ಒದ್ದೆ ವಿಭೂತಿಯ ಮೂರು ಗೆರೆ. ಮರುದಿನ ಅದರ ಮೇಲೆ ಇನ್ನೊಂದು ಪದರ.

ಐದನೆಯ ದಿನ ನಡುಮಧ್ಯಾಹ್ನದಲ್ಲೂ ಪೈಪಿನಿಂದ ನೀರು ತೊಟ್ಟಿಕ್ಕತೊಡಗಿತು. ಮೆಣಸಿನ ಸಸಿಗಳು ಬಾಡಿ ತಲೆ ಬಾಗಿಸಿದ್ದವು.

"ಅಣ್ಣಾ, ಈ ಪರದೇಶದ ಸಾಮಾನು ನಮಗ ಹೊಂದಂಗಿಲ್ಲ. ವಾಪಸ್ ಒಯ್ರಿ ಅಂತ ಹೇಳಿಬಿಡ್ತೀನಿ" ಎಂದಳು ಗುರಮ್ಮ.

ಪಂಪ್ ನೋಡಲೆಂದು ಸೇಡಂನಿಂದ ಮೆಕ್ಯಾನಿಕ್ ಹುಡುಗಿ ಶಬಾನಾ ಬಂದಳು. ಪ್ಯಾನೆಲ್ ನೋಡಿದಳು. ನನ್ನ ಹಣೆ ನೋಡಿದಳು.

"ಕಾಕಾ, ಹಣಿಗೆ ಹಚ್ಕೊಂಡಿದ್ದು ಸಾಕಾಗ್ಲಿಲ್ಲೇನ್ರಿ?"

"ಪೂಜಾ ಮಾಡೀನಿ. ತಪ್ಪೇನವ್ವಾ?"

"ಬಿಸಲು ಕುಡಿಯೋ ಬಾಯಿನೇ ಮುಚ್ಚೀರಲ್ರಿ."

ಆಮೇಲೆ ತನ್ನ ಮೊಬೈಲ್ ನನ್ನ ಮುಂದೆ ಹಿಡಿದಳು. ವಿಡಿಯೋದಲ್ಲಿ ಕೀನ್ಯಾದ ಒಬ್ಬ ರೈತ. ಅವನ ಹೊಲದಲ್ಲೂ ಗುರಮ್ಮನ ಹೊಲದಂಥವೇ ಚೀನಾದ ಪ್ಯಾನೆಲ್‌ಗಳು. ಬಿಸಿಲೇರುವ ಮುಂಚೆ ನೀರು ಸುರಿದು, ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸುತ್ತಿದ್ದ, ಮಗುವಿನ ಮುಖ ಒರೆಸಿದ ಹಾಗೆ.

"ಇವನ ಮಾತು ನಿನಗ ತಿಳೀತದೇನು?" ಎಂದೆ.

"ಮಾತು ತಿಳಿಯಂಗಿಲ್ರಿ. ಕೈ ತಿಳೀತದ. ಇವನ್ನ ನೋಡೇ ಕಲ್ತೀನಿ. ವಾಡಿ ಕಡಿ ಸಿಮೆಂಟ್ ಧೂಳಿಗೂ ಹಿಂಗೇ ಮಾಡ್ತೀನಿ."

ಎಲ್ಲಿಯ ಕೀನ್ಯಾ, ಎಲ್ಲಿಯ ಸೇಡಂ? ಹೆಸರೂ ಗೊತ್ತಿಲ್ಲದ ರೈತನೊಬ್ಬ ನನ್ನ ತಂಗಿಯ ಸಸಿಗಳಿಗೆ ದಾರಿ ತೋರಿಸುತ್ತಿದ್ದ.

ಅವಳು ನೀರು ಸುರಿದಳು, ನಾನು ಹಳೆಯ ಧೋತರದ ತುಂಡಿನಿಂದ ಒರೆಸಿದೆ. ಎಂಟನೆಯದು ಮುಗಿಯುವಷ್ಟರಲ್ಲಿ ಪೈಪಿನ ತುಂಬ ನೀರು. ಗುರಮ್ಮ ಸೆರಗು ಸಿಕ್ಕಿಸಿ ಮೆಣಸಿನ ಮಡಿಯತ್ತ ಓಡಿದಳು. "ವಾಪಸ್ ಬ್ಯಾಡ ಬಿಡು, ಇರ್ಲಿ" ಎಂದು ಅಲ್ಲಿಂದಲೇ ಕೂಗಿದಳು.

ಶಬಾನಾ ಪ್ಯಾನೆಲ್ಲಿನ ಕಂಬದ ಕೆಳಗಿನ ಶಹಾಬಾದ್ ಕಲ್ಲು ತೋರಿಸಿದಳು. "ನಾಳಿಂದ ವಿಭೂತಿ ಇದಕ್ಕ ಹಚ್ರಿ ಕಾಕಾ. ನಮ್ಮ ಕಡಿದು. ತಾಳ್ಕೋತದ."

ಈಗ ದಿನಾ ಆರು ಗಂಟೆಗೆ, ಮೊದಲು ಪ್ಯಾನೆಲ್ಲಿಗೆ ಒದ್ದೆ ಬಟ್ಟೆ, ಆಮೇಲೆ ಕಲ್ಲಿಗೆ ವಿಭೂತಿ.

ಸಮುದ್ರವೂ ತಡೆಯದ ಈ ಬಿಸಿಲಿನ ವಿದ್ಯೆಯನ್ನು ಐದು ದಿನ ತಡೆದು ನಿಲ್ಲಿಸಿದ್ದು ಯಾವುದು? ನನ್ನ ಮೂರು ಬೆರಳು.